ಜೈಲು ಕಂಡ ಲೇಖನಿ, ಬಸ್ಸು ಹತ್ತಿದ ಸುದ್ದಿ

1921ರಲ್ಲಿ ಧಾರವಾಡದಲ್ಲಿ ‘ಕರ್ಮವೀರ’ವಾಗಿ ಹುಟ್ಟಿ, ‘ಸಂಯುಕ್ತ ಕರ್ನಾಟಕ’ವಾಗಿ ಬೆಳೆದು, ಲೋಕಶಿಕ್ಷಣ ಟ್ರಸ್ಟಿನ ಆಶ್ರಯದಲ್ಲಿ ನಿಂತ ಪತ್ರಿಕಾ ಮನೆತನವನ್ನು ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲೂಕುಗಳ ಪರವಾಗಿ ಈ ಸ್ಮರಣ ಸಂಚಿಕೆಯಲ್ಲಿ ನೆನೆಯುವ ಅವಕಾಶ ನಮಗೆ ದೊರೆತಿದೆ. ನಾವು ಆ ಸಂಸ್ಥೆಯ ವಿಶ್ವಸ್ತರಲ್ಲ, ಆಡಳಿತ ಮಂಡಳಿಯವರೂ ಅಲ್ಲ. ಆದರೆ ಮೂರು ತಲೆಮಾರಿನಿಂದ ಚಂದಾದಾರರಾಗಿ, ಏಜೆಂಟರಾಗಿ, ಬಿಡಿ ಸುದ್ದಿಗಾರರಾಗಿ, ವಾಚಕರ ವಾಣಿಗೆ ಕಾಗದ ಬರೆದವರಾಗಿ ಆ ಮನೆಯ ಸದಸ್ಯತ್ವ ಪಡೆದವರು. ಆ ಹಕ್ಕಿನಿಂದಲೇ ಈ ನಾಲ್ಕು ಮಾತು.

ನಮ್ಮ ಸೀಮೆಯಲ್ಲಿ ಮಾತಿನ ಸ್ವಾತಂತ್ರ್ಯ ಪತ್ರಿಕೆಗಿಂತ ಹಳೆಯದು. 1858ರಲ್ಲಿ ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆ ಕಂಪನಿ ಸರಕಾರದ ವಿರುದ್ಧ ಎದ್ದು ನಿಂತು, ಜೂನ್ 12ರಂದು ಬೆಳಗಾವಿಯಲ್ಲಿ ನೇಣಿಗೇರಿದರು. ಸರಕಾರದ ಕಡತಗಳು ಅವರನ್ನು ದಂಗೆಕೋರರೆಂದು ಕರೆದವು. ನಮ್ಮ ಊರುಗಳ ಲಾವಣಿಕಾರರು ಆ ಮಾತನ್ನು ಒಪ್ಪಲಿಲ್ಲ. ಬಂಡಾಯದ ಕಥೆಗಳನ್ನು ಡಪ್ಪು ಬಡಿದು ಜಾತ್ರೆಯಿಂದ ಜಾತ್ರೆಗೆ ಒಯ್ದರು. ಹಲಗಲಿ, ಸಂಗೊಳ್ಳಿಯ ಲಾವಣಿಗಳನ್ನು ಮುಂದೆ ಸಂಗ್ರಹಿಸಿ ಅಚ್ಚು ಹಾಕಿಸಿದವರು ಬ್ರಿಟಿಷ್ ಅಧಿಕಾರಿ ಫ್ಲೀಟ್ ಎಂಬುದು ಸೋಜಿಗ. ಅದೇ ಕಾಲದಲ್ಲಿ ಅಚ್ಚಿನ ಅಕ್ಷರಕ್ಕೆ ಬೇಲಿ ಬೀಳುತ್ತಿತ್ತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ ಕಲ್ಲಚ್ಚಿನ ‘ಮಂಗಳೂರ ಸಮಾಚಾರ’ವನ್ನು ಹೊರತಂದು ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟರು. ಮೂರೂವರೆ ದಶಕ ಕಳೆಯುವುದರೊಳಗೆ ದಂಡಸಂಹಿತೆಗೆ ರಾಜದ್ರೋಹದ 124ಎ ಕಲಮು ಸೇರಿತ್ತು, 1878ರಲ್ಲಿ ದೇಶಭಾಷಾ ಪತ್ರಿಕೆಗಳ ಕಾಯಿದೆ ಬಂದಿತ್ತು. ಇಂಗ್ಲಿಷ್ ಪತ್ರಿಕೆಗಳಿಗೆ ಆ ಕಾಯಿದೆ ಅನ್ವಯವಾಗುತ್ತಿರಲಿಲ್ಲ. ಜನರ ಮಾತಿನಲ್ಲಿ ಬರೆದವರಿಗೇ ಹಗ್ಗ. ಮುಂದೆ ಅದು ರದ್ದಾಯಿತಾದರೂ 1910ರ ಪ್ರೆಸ್ ಕಾಯಿದೆ ಇನ್ನೊಂದು ಉಪಾಯ ಹುಡುಕಿತು: ಹೊಸದಾಗಿ ಮುದ್ರಣಾಲಯ ತೆರೆಯುವವರು 500ರಿಂದ 2,000 ರೂಪಾಯಿವರೆಗೆ ಜಾಮೀನು ಇಡಬೇಕು, ಬರೆದದ್ದು ಸರಕಾರಕ್ಕೆ ಹಿಡಿಸದಿದ್ದರೆ ಆ ಹಣ ಮುಟ್ಟುಗೋಲು. ಆ ಕಾಲದ ಎರಡು ಸಾವಿರ ರೂಪಾಯಿ ಅಂದರೆ ಒಳ್ಳೆಯ ಎರೆಹೊಲದ ಬೆಲೆ.

ಇಂಥ ದಿನಗಳಲ್ಲಿ ರಂಗನಾಥ ರಾಮಚಂದ್ರ ದಿವಾಕರರು ಧಾರವಾಡದಲ್ಲಿ ವಾರಪತ್ರಿಕೆ ತೆಗೆಯಲು ಮನಸ್ಸು ಮಾಡಿದರು. 1894ರ ಸೆಪ್ಟೆಂಬರ್ 30ರಂದು ಜನಿಸಿದ ಅವರಿಗೆ ಆಗ ಇಪ್ಪತ್ತಾರು ವರ್ಷ. ಇಂಗ್ಲಿಷ್ ಕಲಿತವರು, ಕಲಿಸಿದವರು. ಸುಖವಾದ ಪ್ರಾಧ್ಯಾಪಕ ವೃತ್ತಿ ಮುಂದಿತ್ತು. ಗಾಂಧೀಜಿಯವರ ಅಸಹಕಾರದ ಕರೆ ಕೇಳಿ ಅದನ್ನು ಬಿಟ್ಟರು. ಪತ್ರಿಕೆಗೆ ‘ಕರ್ಮವೀರ’ ಎಂದು ಹೆಸರಿಟ್ಟರು. ಧಾರವಾಡ ಆಗ ಮುಂಬಯಿ ಪ್ರಾಂತದ ಅಂಚಿನ ಊರು; ಕಚೇರಿಯಲ್ಲಿ ಮರಾಠಿ ಪ್ರಭಾವ, ಕೋರ್ಟಿನಲ್ಲಿ ಇಂಗ್ಲಿಷ್. ಅಲ್ಲಿ ನಿಂತು ರೋಣದ ರೈತನಿಗೂ ತಿಳಿಯುವಂತೆ ದೇಶದ ವಿಚಾರವನ್ನು ಕನ್ನಡದಲ್ಲಿ ಹೇಳುತ್ತೇನೆ ಎಂಬುದೇ ಒಂದು ರಾಜಕೀಯ ನಿಲುವಾಗಿತ್ತು.

ಪತ್ರಿಕೆ ಕಣ್ಣು ಬಿಟ್ಟ ವರ್ಷವೇ ಪರೀಕ್ಷೆ ಬಂತು. 1921ರ ಜುಲೈ 1ರಂದು ಧಾರವಾಡದ ಸೆರೆ ಅಂಗಡಿಯ ಮುಂದೆ ಪಿಕೆಟಿಂಗ್ ನಡೆದಿತ್ತು. ಖಿಲಾಫತ್ ಮತ್ತು ಕಾಂಗ್ರೆಸ್ ಸ್ವಯಂಸೇವಕರು ಜೊತೆಯಾಗಿ ನಿಂತಿದ್ದರು. ಪೊಲೀಸರು ಗುಂಡು ಹಾರಿಸಿದರು, ಮೂವರು ಮಡಿದರು. ಗುಂಡು ಹಾರಿಸಿದವರ ಬದಲು ಚಳವಳಿಗಾರರ ಮೇಲೆಯೇ ಮೊಕದ್ದಮೆ ಹೂಡಲಾಯಿತು. ಸರಕಾರದ ಹೇಳಿಕೆಯೊಂದೇ ಹೊರಜಗತ್ತಿಗೆ ತಲುಪಬೇಕೆಂದು ಅಧಿಕಾರಿಗಳ ಬಯಕೆ. ಎಳೆಯ ಪತ್ರಿಕೆ ಅದಕ್ಕೆ ಒಪ್ಪಲಿಲ್ಲ. ಅದೇ ವರ್ಷ ದಿವಾಕರರು ರಾಜದ್ರೋಹದ ಆಪಾದನೆ ಹೊತ್ತು ಸೆರೆಮನೆ ಸೇರಿದರು. ಸಂಪಾದಕ ಒಳಗಿದ್ದರೂ ಪತ್ರಿಕೆ ಬದುಕಿತು. ಮುಂದಿನ ಎರಡು ದಶಕಗಳಲ್ಲಿ ಅದು ಎಡವಿದ್ದೂ ಉಂಟು, ಎದ್ದದ್ದೂ ಉಂಟು. ಆದರೆ ಸಂಪಾದಕ ಎಂದರೆ ಬರೆದದ್ದಕ್ಕೆ ಹೊಣೆ ಹೊತ್ತು ಜೈಲಿಗೆ ನಡೆಯುವವನು ಎಂಬ ಮಾನದಂಡ ನಮ್ಮ ಭಾಗದಲ್ಲಿ ಆ ವರ್ಷ ಸ್ಥಾಪನೆಯಾಯಿತು. ಪ್ರತಿವರ್ಷ ಜುಲೈ 1ರಂದು ಪತ್ರಿಕಾ ದಿನಾಚರಣೆ ಮಾಡುವ ನಾವು ಮೋಗ್ಲಿಂಗರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ, ಸಂತೋಷ. ಧಾರವಾಡದ ಆ ಮೂವರಿಗೂ ಅಂದೇ ಒಂದು ಹಾರ ಸಲ್ಲಬೇಕೆಂಬುದು ನಮ್ಮ ಬಹುದಿನದ ಅಭಿಪ್ರಾಯ.

1929ರಲ್ಲಿ ಬೆಳಗಾವಿಯಲ್ಲಿ ಕಬ್ಬೂರ ಮಾಧವರಾಯರು, ಬುರ್ಲಿ ಬಿಂದುಮಾಧವರಾಯರು ಮತ್ತು ದಾತಾರ ಬಲವಂತರಾಯರು ಮುಂದೆ ಈ ಮನೆತನದ ಮುಖ್ಯ ಪತ್ರಿಕೆಯಾದ ‘ಸಂಯುಕ್ತ ಕರ್ನಾಟಕ’ಕ್ಕೆ ಬುನಾದಿ ಹಾಕಿದರು. ಕನ್ನಡನಾಡು ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಮತ್ತು ಹತ್ತಾರು ಸಂಸ್ಥಾನಗಳಲ್ಲಿ ಹರಿದು ಹಂಚಿಹೋಗಿದ್ದ ಕಾಲದಲ್ಲಿ ಆ ಹೆಸರಿಟ್ಟದ್ದೇ ಒಂದು ಬೇಡಿಕೆ ಮುಂದಿಟ್ಟಂತೆ. 1933ರಲ್ಲಿ ಅದು ದಿನಪತ್ರಿಕೆಯಾಯಿತು. ಯಾರೊಬ್ಬರ ಸ್ವತ್ತೂ ಆಗಬಾರದು, ಲಾಭದ ವ್ಯವಹಾರವೂ ಆಗಬಾರದು ಎಂಬ ದೃಷ್ಟಿಯಿಂದ ದಿವಾಕರರೂ ಕಡಪಾ ರಾಘವೇಂದ್ರರಾಯರೂ ಸಹೋದ್ಯೋಗಿಗಳೂ ಸೇರಿ ಪತ್ರಿಕೆಯನ್ನು ಲೋಕಶಿಕ್ಷಣ ಟ್ರಸ್ಟಿನ ಆಡಳಿತಕ್ಕೆ ತಂದರು. ಇಲ್ಲಿ ಸಂಸ್ಥಾಪಕರ ದೂರದೃಷ್ಟಿಯನ್ನು ವಿಶೇಷವಾಗಿ ಗಮನಿಸಬೇಕು. ಪತ್ರಿಕೆಯ ಬಾಯಿ ಕಟ್ಟಲು ಸರಕಾರವೇ ಬೇಕಿಲ್ಲ, ಮಾಲಕನೂ ಸಾಕು ಎಂಬುದನ್ನು ಅವರು ಅಷ್ಟು ಮೊದಲೇ ಕಂಡಿದ್ದರು. ಮೊಹರೆ ಹನುಮಂತರಾಯರು ಸಂಪಾದಕತ್ವ ವಹಿಸಿ ಕಾಲು ಶತಮಾನ ಆ ಹೊಣೆ ಹೊತ್ತರು. ಪತ್ರಿಕೆ ಹುಬ್ಬಳ್ಳಿಗೆ ಬಂದ ಮೇಲೆ ನಮಗೆ ಹತ್ತಿರವಾಯಿತು. ಹುಬ್ಬಳ್ಳಿಯಿಂದ ಗದಗ, ಗದಗಿನಿಂದ ಸೊಲ್ಲಾಪುರದ ರೈಲಿನಲ್ಲಿ ಮಲ್ಲಾಪುರ, ಹೊಳೆಆಲೂರು. ಅಲ್ಲಿಂದ ಚಕ್ಕಡಿಯೋ ಸೈಕಲ್ಲೋ. ಒಬ್ಬರು ತರಿಸಿದರೆ ಓಣಿಯೆಲ್ಲ ಓದುತ್ತಿತ್ತು. ಓದಲು ಬಾರದವರಿಗಾಗಿ ಗುಡಿಯ ಕಟ್ಟೆಯ ಮೇಲೆ ಸಾಲಿ ಮಾಸ್ತರರು ಗಟ್ಟಿಯಾಗಿ ಓದುತ್ತಿದ್ದರು.

1942ರ ಚಲೇಜಾವ್ ದಿನಗಳಲ್ಲಿ ದಿವಾಕರರು ಎರಡು ವರ್ಷ ಭೂಗತರಾಗಿ ಉಳಿದು ಚಳವಳಿ ನಡೆಸಿ, 1944ರಲ್ಲಿ ಗಾಂಧೀಜಿಯವರ ಸಲಹೆಯಂತೆ ಶರಣಾದರು. ಪತ್ರಿಕೆಗಳ ಮೇಲೆ ನಿರ್ಬಂಧ ಬಿಗಿಯಾದಾಗ ಸೈಕ್ಲೋಸ್ಟೈಲ್ ಮಾಡಿದ ಬುಲೆಟಿನ್‌ಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಆ ಅಧ್ಯಾಯವನ್ನು ಬಲ್ಲವರು ಬೇರೆಡೆ ಬರೆದಿದ್ದಾರೆ.

ಗಜೇಂದ್ರಗಡದ ನೆನಪು ಬೇರೆ. ನಮ್ಮ ಗುಡ್ಡದ ಆಚೆ ಯಲಬುರ್ಗಾ, ಕುಷ್ಟಗಿ: ನಿಜಾಮರ ನೆಲ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಅಲ್ಲಿ ರಜಾಕಾರರ ಹಾವಳಿ ನಡೆದಿತ್ತು. 1947–48ರಲ್ಲಿ ಗಜೇಂದ್ರಗಡದಲ್ಲಿ ಗಡಿ ಶಿಬಿರ ತೆರೆದು ಪುಂಡಲೀಕಪ್ಪ ಜ್ಞಾನಮೋಠೆಯವರು ಅದನ್ನು ಮುನ್ನಡೆಸಿದರು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು. ನೇಕಾರರ ಮನೆಗಳಲ್ಲಿ ನಿರಾಶ್ರಿತರಿಗೆ ಊಟ, ಮಗ್ಗದ ಪಕ್ಕದಲ್ಲೇ ಮಲಗಲು ಜಾಗ. ಅತ್ತ ಹೈದರಾಬಾದಿನಲ್ಲಿ ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ಯುವ ಸಂಪಾದಕ ಶೋಯೆಬುಲ್ಲಾ ಖಾನ್ ರಜಾಕಾರರನ್ನು ಟೀಕಿಸಿ, ಸಂಸ್ಥಾನ ಭಾರತದೊಡನೆ ಸೇರಬೇಕೆಂದು ಬರೆದರು. 1948ರ ಆಗಸ್ಟಿನ ಒಂದು ರಾತ್ರಿ ಕಚೇರಿಯಿಂದ ಮನೆಗೆ ಮರಳುವಾಗ ಅವರನ್ನು ಕೊಂದರು, ಬರೆಯುವ ಕೈಯನ್ನು ಕಡಿದರು. ತಿಂಗಳೊಳಗೆ ಪೊಲೀಸ್ ಕಾರ್ಯಾಚರಣೆ ನಡೆದು ಸಂಸ್ಥಾನ ಬಿತ್ತು. ಗುಡ್ಡದ ಈಚೆ ಹುಬ್ಬಳ್ಳಿಯ ಪತ್ರಿಕೆ ಮುಕ್ತವಾಗಿ ಬರುತ್ತಿದ್ದ ಹೊತ್ತಿನಲ್ಲಿ ಆಚೆಯವರಿಗೆ ಬರೆಯುವ ಸ್ವಾತಂತ್ರ್ಯ ಎಂಥ ದುಬಾರಿ ವಸ್ತು ಎಂಬುದನ್ನು ಗಜೇಂದ್ರಗಡದ ಹಿರಿಯರು ಕಣ್ಣಾರೆ ಕಂಡಿದ್ದರು.

ಸ್ವತಂತ್ರ ಭಾರತದ ಸಂವಿಧಾನ 19ನೇ ವಿಧಿಯಲ್ಲಿ ವಾಕ್ ಸ್ವಾತಂತ್ರ್ಯವನ್ನು ಕೊಟ್ಟಿತು. ಪತ್ರಿಕೆ ಎಂಬ ಶಬ್ದ ಅಲ್ಲಿಲ್ಲ. 1950ರ ಮೇ 26ರಂದು ಸುಪ್ರೀಂ ಕೋರ್ಟು ಒಂದೇ ದಿನ ಎರಡು ತೀರ್ಪು ಕೊಟ್ಟು, ಎಡಪಂಥದ ‘ಕ್ರಾಸ್ ರೋಡ್ಸ್’ಗೂ ಬಲಪಂಥದ ‘ಆರ್ಗನೈಜರ್’ಗೂ ಸಮಾನ ರಕ್ಷಣೆ ನೀಡಿತು. ಮರುವರ್ಷವೇ ಮೊದಲ ತಿದ್ದುಪಡಿ ಬಂದು ಸಾರ್ವಜನಿಕ ಸುವ್ಯವಸ್ಥೆಯ ಹೆಸರಿನಲ್ಲಿ ನಿರ್ಬಂಧ ಹೇರುವ ಅಧಿಕಾರ ಸರಕಾರಕ್ಕೆ ಸಿಕ್ಕಿತು. ಆಗ ಕೇಂದ್ರದ ವಾರ್ತಾ ಮತ್ತು ಪ್ರಸಾರ ಖಾತೆಯ ಹೊಣೆಯಲ್ಲಿದ್ದವರು ನಮ್ಮ ದಿವಾಕರರೇ! ಸ್ಮರಣ ಸಂಚಿಕೆಯಲ್ಲಿ ಇದನ್ನು ಎತ್ತಬಾರದೆಂದು ಕೆಲವರು ಹೇಳಬಹುದು. ಎತ್ತುವುದೇ ಅವರಿಗೆ ಸಲ್ಲುವ ಗೌರವ ಎಂದು ನಮಗೆ ಅನ್ನಿಸುತ್ತದೆ. ರಾಜದ್ರೋಹಕ್ಕಾಗಿ ಜೈಲು ಕಂಡವರು ಕುಳಿತ ಸರಕಾರಕ್ಕೂ ಪತ್ರಿಕೆಯ ಬಾಯಿಯ ಬಗ್ಗೆ ಅಳುಕು ಹುಟ್ಟಿತು. ಅಧಿಕಾರದ ಸ್ವಭಾವವೇ ಅದು, ವ್ಯಕ್ತಿಯ ದೋಷವಲ್ಲ. ಆ ತಿದ್ದುಪಡಿಯಲ್ಲಿ ‘ಸಮಂಜಸ’ ನಿರ್ಬಂಧ ಎಂಬ ಶಬ್ದ ಸೇರಿದ್ದರಿಂದ ಮುಂದೆ ಕೋರ್ಟುಗಳು ಪತ್ರಿಕೆಗಳ ಬೆನ್ನಿಗೆ ನಿಲ್ಲಲು ದಾರಿ ಉಳಿಯಿತು. 1961ರಲ್ಲಿ ಪುಣೆಯ ‘ಸಕಾಳ’ದ ದಾವೆಯಲ್ಲಿ, ಪುಟದ ಲೆಕ್ಕದಲ್ಲಿ ಪತ್ರಿಕೆಯ ಬೆಲೆ ನಿಗದಿ ಮಾಡಹೊರಟ ಕಾನೂನು ಬಿದ್ದುಹೋದದ್ದು ಅದಕ್ಕೊಂದು ಸಾಕ್ಷಿ.

ಏಕೀಕರಣದ ವಿಚಾರಕ್ಕೆ ಬಂದರೆ ರೋಣ ತಾಲೂಕು ತಲೆಯೆತ್ತಿ ಮಾತಾಡಬಹುದು. ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಮುಂಬಯಿ ಶಾಸನಸಭೆಯಲ್ಲಿ 1947ರಲ್ಲಿಯೇ ಕರ್ನಾಟಕ ಪ್ರಾಂತದ ಠರಾವು ಮಂಡಿಸಿದವರು. 1953ರ ಜನವರಿಯಲ್ಲಿ ಹೈದರಾಬಾದಿನ ಕಾಂಗ್ರೆಸ್ ಅಧಿವೇಶನ ಆಂಧ್ರಕ್ಕೆ ಒಪ್ಪಿಗೆ ಕೊಟ್ಟು ಕರ್ನಾಟಕದ ಮಾತನ್ನು ಬದಿಗಿಟ್ಟಾಗ, ಅವರು ಶಾಸನಸಭೆಯ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಜಕ್ಕಲಿಯಲ್ಲಿ ಉಪವಾಸ ಕುಳಿತರು. ಸಣ್ಣ ಹಳ್ಳಿಯ ಉಪವಾಸ ಇಡೀ ನಾಡಿನ ಮಾತಾಗಬೇಕಾದರೆ ಅದನ್ನು ಹೊತ್ತು ತಿರುಗುವ ಪತ್ರಿಕೆ ಬೇಕು. ಹೆಸರಿನಲ್ಲಿಯೇ ಏಕೀಕರಣವನ್ನು ಹೊತ್ತ ಪತ್ರಿಕೆ ಹುಬ್ಬಳ್ಳಿಯಲ್ಲಿತ್ತು. ಕಾಂಗ್ರೆಸ್ಸಿಗರೇ ಕಟ್ಟಿದ ಪತ್ರಿಕೆಯ ಓದುಗರು ಆ ವರ್ಷ ಹುಬ್ಬಳ್ಳಿಯ ಉಪಚುನಾವಣೆಯಲ್ಲಿ ಕಾಂಗ್ರೆಸ್ಸನ್ನು ಸೋಲಿಸಿದರು. 1956ರ ನವೆಂಬರ್ 1ರಂದು ನಾಡು ಒಂದಾಯಿತು.

ಅದೇ ವರ್ಷ ಸಂಸ್ಥೆ ‘ಕಸ್ತೂರಿ’ ಮಾಸಪತ್ರಿಕೆಯನ್ನು ಹೊರತಂದಿತು. ಅದರ ಹಿಂದಿನ ಶಕ್ತಿ ಪಾ.ವೆಂ. ಆಚಾರ್ಯರು. ಉಡುಪಿಯಿಂದ ಬಂದು ಹುಬ್ಬಳ್ಳಿಯವರೇ ಆದ ಆಚಾರ್ಯರು ಜಗತ್ತಿನ ಜ್ಞಾನವನ್ನೆಲ್ಲ ತಿಳಿಗನ್ನಡಕ್ಕೆ ಇಳಿಸಿ, ಲಾಂಗೂಲಾಚಾರ್ಯ ಎಂಬ ಹೆಸರಿನಲ್ಲಿ ನಗಿಸುತ್ತಲೇ ಚುಚ್ಚಿದರು. ನರೇಗಲ್ಲದ, ಹೊಳೆಆಲೂರಿನ ಎಷ್ಟೋ ಮನೆಗಳಲ್ಲಿ ‘ಕಸ್ತೂರಿ’ಯ ಸಂಚಿಕೆಗಳನ್ನು ದಾರ ಹೊಲಿದು ಇಟ್ಟದ್ದು ಇಂದಿಗೂ ಸಿಗುತ್ತದೆ. 1959ರಲ್ಲಿ ಬೆಂಗಳೂರು ಆವೃತ್ತಿ ಆರಂಭವಾಯಿತು. ಮುಂದಿನ ದಶಕಗಳಲ್ಲಿ ಕೆ. ಶಾಮರಾಯರು ಸಂಸ್ಥೆಯ ಹೊಣೆ ಹೊತ್ತು ಬಹುಕಾಲ ನಡೆಸಿದರು. ಈ ಎಲ್ಲ ಮಹನೀಯರಿಗೆ ನಮ್ಮ ಮೂರೂ ತಾಲೂಕುಗಳ ನಮನಗಳು ಸಲ್ಲುತ್ತವೆ.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಅಚ್ಚಿಗೆ ಹೋಗುವ ಮೊದಲೇ ಸುದ್ದಿಯನ್ನು ಸೆನ್ಸಾರ್ ಅಧಿಕಾರಿಗೆ ತೋರಿಸಬೇಕೆಂಬ ಆಜ್ಞೆ ದೇಶದ ಎಲ್ಲ ಪತ್ರಿಕೆಗಳಂತೆ ಕನ್ನಡ ಪತ್ರಿಕೆಗಳ ಮೇಲೂ ಬಿತ್ತು. ಪ್ರೆಸ್ ಕೌನ್ಸಿಲನ್ನೇ ರದ್ದು ಮಾಡಿದರು. ‘ಸಂಸ್ಕಾರ’ ಚಿತ್ರದಲ್ಲಿ ನಟಿಸಿದ್ದ ಸ್ನೇಹಲತಾ ರೆಡ್ಡಿಯವರು ಬೆಂಗಳೂರಿನ ಜೈಲಿನಲ್ಲಿ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ 1977ರ ಜನವರಿಯಲ್ಲಿ ತೀರಿಕೊಂಡರು. ಆ ಇಪ್ಪತ್ತೊಂದು ತಿಂಗಳ ಕನ್ನಡ ಪತ್ರಿಕೋದ್ಯಮದಲ್ಲಿ ಹೆಮ್ಮೆಪಡುವ ಪುಟಗಳು ಕಡಿಮೆ. 1921ರ ಮಾನದಂಡದಿಂದ ಅಳೆದರೆ ಇನ್ನೂ ಕಡಿಮೆ.

ಆ ಬಾಕಿಯನ್ನು ತೀರಿಸುವ ಸರದಿ 1980ರ ಜುಲೈ 21ರಂದು ನರಗುಂದದಲ್ಲಿ ಬಂತು. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಬರುತ್ತದೆಂದು ಕಾದ ರೈತರಿಗೆ ನೀರಿಗಿಂತ ಮೊದಲು ಬಂದದ್ದು ಅಭಿವೃದ್ಧಿ ಕರದ ನೋಟೀಸು. ನಾಲೆ ಮುಟ್ಟದ ಹೊಲಕ್ಕೂ ಕರ. ಹತ್ತಿಯ ಬೆಲೆ ಕುಸಿದಿತ್ತು, ವಸೂಲಿ ನಿಲ್ಲಲಿಲ್ಲ. ತಹಸೀಲ್ದಾರ ಕಚೇರಿಯ ಮುಂದೆ ಸೇರಿದ ಜನರ ಮೇಲೆ ಗುಂಡು ಹಾರಿತು. ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಬಲಿಯಾದರು. ಉದ್ರಿಕ್ತ ಜನರ ಕೈಯಲ್ಲಿ ಪೊಲೀಸರೂ ಪ್ರಾಣ ಕಳೆದುಕೊಂಡರು. ನವಲಗುಂದದಲ್ಲಿಯೂ ಅಂದೇ ಗೋಲಿಬಾರ್ ಆಯಿತು. ಗುಂಡೂರಾವ್ ಸರಕಾರಕ್ಕೆ ಇದು ಕಾನೂನು ಸುವ್ಯವಸ್ಥೆಯ ಪ್ರಶ್ನೆಯಾಗಿ ಕಂಡಿತು. ಆದರೆ ಪತ್ರಿಕೆಗಳು ಕರದ ಲೆಕ್ಕವನ್ನೂ ನೀರು ಮುಟ್ಟದ ಹೊಲಗಳನ್ನೂ ಓದುಗರ ಮುಂದಿಟ್ಟ ಮೇಲೆ ನರಗುಂದ ಬರೀ ದಂಗೆಯಾಗಿ ಉಳಿಯಲಿಲ್ಲ. ಕಿಚ್ಚು ರಾಜ್ಯಕ್ಕೆ ಹಬ್ಬಿತು, ರೈತ ಸಂಘಟನೆ ಹುಟ್ಟಿತು. ಅಂದಿನ ಸುದ್ದಿಗಾರರಿಗೆ ನಾವು ಕೃತಜ್ಞರಾಗಿರುವುದು ಇನ್ನೊಂದು ಕಾರಣಕ್ಕೂ ಹೌದು: ರೈತನ ಸಾವನ್ನು ಬರೆದ ಕೈ ಪೊಲೀಸರ ಸಾವನ್ನೂ ಬರೆಯಿತು. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಬರೆದಿದ್ದರೆ ಸರಕಾರಕ್ಕೆ ಪತ್ರಿಕೆಯನ್ನೇ ತಳ್ಳಿಹಾಕುವುದು ಸುಲಭವಾಗುತ್ತಿತ್ತು.

ಇದೇ ಸೀಮೆ 2015ರ ಜುಲೈಯಲ್ಲಿ ಮಹದಾಯಿ ನೀರಿಗಾಗಿ ನರಗುಂದದಲ್ಲಿ ಧರಣಿ ಕುಳಿತಿತು. 7.56 ಟಿಎಂಸಿ ನೀರೆತ್ತಲು ಅನುಮತಿ ಕೋರಿದ ರಾಜ್ಯದ ಅರ್ಜಿಯನ್ನು 2016ರ ಜುಲೈ 27ರಂದು ನ್ಯಾಯಮಂಡಳಿ ತಿರಸ್ಕರಿಸಿದಾಗ ಸಿಟ್ಟು ಸ್ಫೋಟಿಸಿತು. ಮುಂದೆ ಯಮನೂರಿನಲ್ಲಿ ಪೊಲೀಸರು ಮನೆಯೊಳಗಿದ್ದ ಹೆಂಗಸರು, ಮುದುಕರನ್ನೂ ಬಿಡದೆ ಹೊಡೆದ ದೃಶ್ಯಗಳನ್ನು ಟಿವಿ ವಾಹಿನಿಗಳು ತೋರಿಸಿದವು. ಕ್ಯಾಮೆರಾ ಇಲ್ಲದಿದ್ದರೆ ಅದೊಂದು ‘ಲಘು ಲಾಠಿ ಪ್ರಹಾರ’ವಾಗಿ ಕಡತ ಸೇರುತ್ತಿತ್ತು, ದೃಶ್ಯಗಳ ಮುಂದೆ ಸರಕಾರ ಉತ್ತರ ಹೇಳಬೇಕಾಯಿತು.

ಆದರೆ ಆ ಹೊತ್ತಿಗೆ ಅಪಾಯ ಬರುವ ದಿಕ್ಕೇ ಬದಲಾಗಿತ್ತು. 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದ ಕಲ್ಯಾಣನಗರದ ಮನೆಯ ಬಾಗಿಲಲ್ಲೇ ಡಾ. ಎಂ.ಎಂ. ಕಲಬುರ್ಗಿಯವರನ್ನು ಗುಂಡಿಟ್ಟು ಕೊಂದರು. ಸೂಡಿಯ ಶಾಸನಗಳೂ ಸೇರಿದಂತೆ ಹಳೆಯ ಧಾರವಾಡ ಜಿಲ್ಲೆಯ ಶಾಸನಗಳ ಸೂಚಿ ಮಾಡಿಕೊಟ್ಟ ವಿದ್ವಾಂಸರು ಅವರು. 1989ರಲ್ಲಿ ‘ಮಾರ್ಗ’ ಸಂಪುಟದ ಬರಹಕ್ಕಾಗಿ ಒತ್ತಡಕ್ಕೆ ಸಿಕ್ಕು ಮಾತು ಹಿಂತೆಗೆದುಕೊಳ್ಳಬೇಕಾಗಿ ಬಂದ ನೋವನ್ನು ಅವರು ಕಡೆಯವರೆಗೂ ಮರೆಯಲಿಲ್ಲ. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರ ಹತ್ಯೆಯಾಯಿತು. ದಿವಾಕರರ ಕಾಲದಲ್ಲಿ ಸರಕಾರ ಎದುರಾಳಿಯಾಗಿತ್ತು, ಕೋರ್ಟು ಇತ್ತು, ಶಿಕ್ಷೆಗೊಂದು ಅವಧಿ ಇತ್ತು. ಬೈಕಿನಲ್ಲಿ ಬಂದು ಗುಂಡು ಹಾರಿಸುವವನ ಮುಂದೆ ಅಪೀಲು ಎಲ್ಲಿ? ಅದೇ 2017ರ ಜೂನಿನಲ್ಲಿ ರಾಜ್ಯ ವಿಧಾನಸಭೆ ಹಕ್ಕುಚ್ಯುತಿಯ ಹೆಸರಿನಲ್ಲಿ ಇಬ್ಬರು ಸಂಪಾದಕರಿಗೆ ಒಂದು ವರ್ಷ ಸೆರೆವಾಸದ ಶಿಕ್ಷೆ ಘೋಷಿಸಿತು. ಆ ಪತ್ರಿಕೆಗಳ ಭಾಷೆ, ರೀತಿ ಇಷ್ಟವಾಗದಿರಬಹುದು. ಆದರೆ ದೂರುದಾರರೂ ನ್ಯಾಯಾಧೀಶರೂ ಒಂದೇ ಸದನದವರಾಗುವ ಪದ್ಧತಿಯನ್ನು ಮೊಹರೆಯವರು ಒಪ್ಪುತ್ತಿದ್ದರೆಂದು ನಮಗನ್ನಿಸುವುದಿಲ್ಲ. 2015ರಲ್ಲಿ ಸುಪ್ರೀಂ ಕೋರ್ಟು ಐಟಿ ಕಾಯಿದೆಯ 66ಎ ಕಲಮನ್ನು ಹೊಡೆದುಹಾಕಿದ್ದು, 2022ರ ಮೇ 11ರಂದು 124ಎ ಕಲಮನ್ನು ತಡೆಹಿಡಿದದ್ದು ಸಮಾಧಾನದ ಸಂಗತಿಗಳು. 2024ರ ಜುಲೈ 1ರಂದು (ಮತ್ತೆ ಅದೇ ತಾರೀಖು!) ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ ರಾಜದ್ರೋಹ ಎಂಬ ಹೆಸರಿಲ್ಲ, ಅದರ ನೆರಳು 152ನೇ ಕಲಮಿನಲ್ಲಿ ಉಳಿದಿದೆ ಎಂದು ಕಾನೂನು ಬಲ್ಲವರ ಒಂದು ವರ್ಗ ಹೇಳುತ್ತಿದೆ.

ದೊಡ್ಡವರ ಈ ಚರಿತ್ರೆಯ ನಡುವೆ ತಾಲೂಕು ಸುದ್ದಿಗಾರನ ಬಗ್ಗೆ ಒಂದು ಮಾತು ಹೇಳದಿದ್ದರೆ ನಾವು ನಮ್ಮವರಿಗೆ ದ್ರೋಹ ಮಾಡಿದಂತೆ. ಹುಬ್ಬಳ್ಳಿಯ ಸಂಪಾದಕನಿಗೆ ಕಚೇರಿಯಿದೆ, ವಕೀಲನಿದ್ದಾನೆ. ಹೊಳೆದಂಡೆಯ ಮರಳು ಲಾರಿಗಳ ಬಗ್ಗೆ, ಪ್ರವಾಹ ಪರಿಹಾರದ ಪಟ್ಟಿಯಲ್ಲಿ ಬಿಟ್ಟುಹೋದ ಹೆಸರುಗಳ ಬಗ್ಗೆ ಬರೆದ ನಮ್ಮ ಸುದ್ದಿಗಾರ ಮರುದಿನ ಬೆಳಗ್ಗೆ ಅದೇ ಲಾರಿಯವನ ಎದುರು, ಅದೇ ಗುಮಾಸ್ತನ ಪಕ್ಕ ಚಹಾ ಕುಡಿಯಬೇಕು. 1955ರ ಕಾರ್ಯನಿರತ ಪತ್ರಕರ್ತರ ಕಾಯಿದೆ, ಅದರ ಜಾಗಕ್ಕೆ ಬಂದ ಕಾರ್ಮಿಕ ಸಂಹಿತೆ, ಎರಡರ ಸವಲತ್ತೂ ಅವನವರೆಗೆ ಬರುವುದು ಅಪರೂಪ. ಹೆಚ್ಚಿನವರಿಗೆ ಸಂಬಳವಿಲ್ಲ, ಪುಟ್ಟ ಗೌರವಧನ, ಜಾಹೀರಾತು ತಂದರೆ ಕಮಿಶನ್. ಜಾಹೀರಾತು ಕೊಡುವವರೂ ಸುದ್ದಿಯಾಗುವವರೂ ಸಣ್ಣ ಊರಿನಲ್ಲಿ ಒಂದೇ ಮಂದಿ. ವಾಕ್ ಸ್ವಾತಂತ್ರ್ಯ ದಿನವೂ ಸೋಲುವುದು ಇಲ್ಲಿ, ಸದ್ದಿಲ್ಲದೆ. ಗೆಲ್ಲುವುದೂ ಇಲ್ಲಿಯೇ: 2005ರ ಮಾಹಿತಿ ಹಕ್ಕು ಕಾಯಿದೆಯ ಒಂದು ಅರ್ಜಿ ಬರೆದು, ಹತ್ತು ರೂಪಾಯಿ ಕಟ್ಟಿ, ಉತ್ತರ ಬರುವವರೆಗೂ ಕಚೇರಿಗೆ ಅಲೆದ ನಮ್ಮ ಗೆಳೆಯರು ಎಷ್ಟೋ ಹಳ್ಳಿಗಳ ಕಾಮಗಾರಿ ಲೆಕ್ಕವನ್ನು ಬಯಲಿಗೆ ತಂದಿದ್ದಾರೆ.

1997ರಲ್ಲಿ ಗದಗ ಜಿಲ್ಲೆಯಾಯಿತು. ಮುಂದೆ ಗಜೇಂದ್ರಗಡವೂ ತಾಲೂಕಾಯಿತು. ಮೊಬೈಲು ಬರುವವರೆಗೂ ನಮ್ಮ ಸುದ್ದಿಗಳು ಹುಬ್ಬಳ್ಳಿ ಸೇರುತ್ತಿದ್ದುದು ಬಸ್ಸಿನಲ್ಲಿ. ಮಧ್ಯಾಹ್ನದೊಳಗೆ ಬರೆದು, ಫೋಟೋದ ರೋಲನ್ನೂ ಸೇರಿಸಿ, ಕವರಿನ ಮೇಲೆ ‘ತುರ್ತು ಸುದ್ದಿ’ ಎಂದು ಕೆಂಪು ಶಾಯಿಯಲ್ಲಿ ಬರೆದು ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು. ಅಲ್ಲಿ ಪತ್ರಿಕೆಯ ಹುಡುಗ ಬಂದು ಇಸಿದುಕೊಳ್ಳುವುದು. ಕವರಿನೊಳಗೆ ಗೋಲಿಬಾರಿನ ಸುದ್ದಿಯಿದ್ದ ದಿನವೂ, ಮಂತ್ರಿಯ ಮೇಲಿನ ಆರೋಪವಿದ್ದ ದಿನವೂ ಆ ಸರಕಾರಿ ನೌಕರರು ಒಡೆದು ನೋಡಲಿಲ್ಲ, ಬೇಡವೆನ್ನಲಿಲ್ಲ, ಒಂದು ಕಪ್ಪು ಚಹಾದ ಹೊರತು ಏನನ್ನೂ ಕೇಳಲಿಲ್ಲ. ಈ ಸಂಚಿಕೆಯ ಮಹಾದಾನಿಗಳ ಪಟ್ಟಿಯಲ್ಲಿ ರೋಣ, ನರಗುಂದ ಮತ್ತು ಗಜೇಂದ್ರಗಡ ಮಾರ್ಗದ ಆ ಕಂಡಕ್ಟರುಗಳನ್ನೂ, ಬೆಳಗಿನ ಮೊದಲ ಬಸ್ಸಿಗೆ ಬಂಡಲು ಇಳಿಸಿಕೊಂಡು ಮಳೆಯಲ್ಲಿ ಸೈಕಲ್ ತುಳಿದ ಏಜೆಂಟರನ್ನೂ ಸೇರಿಸಬೇಕೆಂದು ಮೂರೂ ತಾಲೂಕುಗಳ ಬಳಗದ ಪರವಾಗಿ ವಿನಂತಿಸುತ್ತೇವೆ.